ಮುರಿಯದೆ ಬಂದ ರೊಟ್ಟಿ

ಜೆರಿಲ್ಡರಿ, ನ್ಯೂ ಸೌತ್ ವೇಲ್ಸ್
ಮಂಗಳವಾರ, ೭ ಮೇ ೧೯೫೭

ಗುಡುಗಿನ ಗಂಟಲಿನ ತಾಯಿಗೆ ಹುಟ್ಟಿದ ಗುಬ್ಬಚ್ಚಿ ದನಿಯ ಮಗಳೇ, ಲೋರ್ನಾ,

ಆಗುವುದಿಲ್ಲ! ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ನಾಟಕದಲ್ಲಾದರೆ ಈ ಮಾತಿಗೆ ಮೂರನೆಯ ಅಂಕದವರೆಗೆ ಕಾಯಿಸುತ್ತಿದ್ದೆ. ಬಸುರಿಯನ್ನು ಕಾಯಿಸುವುದು ಸರಿಯಲ್ಲ.

ನಿನ್ನ ಕಾಗದ ನಿನ್ನೆ ಇಲ್ಲಿನ ಅಂಚೆ ಕಚೇರಿಯಲ್ಲಿ ಸಿಕ್ಕಿತು. ಆಗಸ್ಟ್‌ನಲ್ಲಿ ಹೆರಿಗೆ, ಗಂಡ ಕ್ಲೈವ್ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಉಣ್ಣೆ ಕಂಪನಿಯಲ್ಲಿ, ಗೀಲಾಂಗಿನ ಆ ಮನೆಯಲ್ಲಿ ಮಾತಿಗೆ ಸಿಗುವುದು ಅಡುಗೆಮನೆಯ ನಲ್ಲಿ ಒಂದೇ, ಎಲ್ಲ ತಿಳಿಯಿತು. "ಆ ಹರಕು ಕಂಪನಿ ಮುಚ್ಚಿಬಿಡು ಅಮ್ಮ, ಹಿಂದಿನ ಕೋಣೆ ಖಾಲಿಯಿದೆ, ಬಂದು ನನಗೆ ಕಂಪನಿ ಕೊಡು" ಎಂದು ಬರೆದಿದ್ದೀಯೆ. ಒಂದೇ ಪುಟದಲ್ಲಿ ಅದೇ ಪದ ಮೂರು ಸಲ ಬಂದಿದೆ. ನಿನ್ನ ಗಂಡನದು ದೊಡ್ಡ ಕಂಪನಿ, ನನ್ನದು ಹರಕು ಡೇರೆಯ ನಾಟಕ ಕಂಪನಿ, ನಿನಗೆ ಬೇಕಾದದ್ದು ಇನ್ನೊಂದು ಬಗೆಯ ಕಂಪನಿ.

ಚಹಾದ ಹೊತ್ತಿಗೆ ಈ ಸಾಲುಗಳನ್ನು ಎಲ್ಲರಿಗೂ ಓದಿ ಹೇಳಿದೆ. ಹೇಳಬಾರದಿತ್ತೋ ಏನೋ. ಆದರೆ ಕಾಗದವನ್ನು ಮನಸ್ಸಿನಲ್ಲೇ ಓದಿಕೊಳ್ಳುವುದನ್ನು ನನಗೆ ಯಾರೂ ಕಲಿಸಲಿಲ್ಲ.

ನಮ್ಮ ಹಾಸ್ಯಗಾರ ಡಿನ್ನಿ ಹುಬ್ಬೇರಿಸಿದ. "ಹರಕು ಅಂದ್ಲಾ? ಡೇರೆ ಹರಿದಿರೋದು ಎರಡೇ ಕಡೆ ಅಮ್ಮಾವ್ರೇ. ಅದ್ರಲ್ಲಿ ಒಂದು ಇವಳೇ ಎಂಟು ವರ್ಷದವಳಿದ್ದಾಗ ಇಣುಕಿ ನೋಡೋಕೆ ಕತ್ತರಿ ಹಾಕಿದ್ದು!"

ನಮ್ಮ ಆಂಬ್ರೋಸ್ ಮೇಷ್ಟ್ರು ನಿನಗೆ ಗೊತ್ತಲ್ಲ. ಶಾಲೆ ಬಿಟ್ಟು ಬಂದು ಪರದೆಯ ಪಕ್ಕದಲ್ಲಿ ನಮಗೆ ಮಾತು ಎತ್ತಿಕೊಡುವವರು. ಪದವೊಂದು ಸಿಕ್ಕರೆ ಮೂಳೆ ಸಿಕ್ಕ ನಾಯಿ. ಚಹಾದ ಲೋಟ ಕೆಳಗಿಟ್ಟು ಶುರುಮಾಡಿದರು. "ಹೆಸ್ಟರಮ್ಮ, ಅದು ರೊಟ್ಟಿಯಿಂದ ಹುಟ್ಟಿದ ಪದ. ಲ್ಯಾಟಿನ್‌ನಲ್ಲಿ ಪಾನಿಸ್ ಅಂದ್ರೆ ರೊಟ್ಟಿ, ಕೊಮ್ ಅಂದ್ರೆ ಜೊತೆಗೆ. ಜೊತೇಲಿ ಕೂತು ರೊಟ್ಟಿ ತಿನ್ನೋರು ಯಾರೋ ಅವರೇ ಕಂಪನಿ. ಪಂಡಿತರು ಮಾಡಿದ ಪದ ಅಲ್ಲ ಅದು, ದಂಡಿನ ಸಿಪಾಯಿಗಳ ಬಾಯಲ್ಲಿ ಬೆಳೆದದ್ದು ಅಂತಾರೆ. ಅದಕ್ಕೇ ದಂಡಿನ ತುಕಡಿಗೆ ಇವತ್ತಿಗೂ ಕಂಪನಿ ಅಂತಾನೇ ಹೆಸರು."

ಡಿನ್ನಿ ಹಡಗಿನಲ್ಲಿ ದುಡಿದವನಲ್ಲವೇ, ಬಿಡುತ್ತಾನೆಯೇ? "ಹಾಗಾದ್ರೆ ಮೇಷ್ಟ್ರೇ, ಹಡಗಲ್ಲಿ ಕೆಳಗಿಳಿಯೋ ಏಣಿಗೆ ಕಂಪಾನಿಯನ್ ಅಂತೀವಲ್ಲ, ಏಣಿಗೂ ರೊಟ್ಟಿಗೂ ಏನು ಸಂಬಂಧ?"

"ಹಳೇ ಕಾಲದಲ್ಲಿ ಇಟಲಿಯೋರು ಹಡಗಿನ ಉಗ್ರಾಣಕ್ಕೆ ಆ ಹೆಸರಿಟ್ಟಿದ್ರು. ಅದೂ ರೊಟ್ಟಿ ಇಡೋ ಜಾಗಾನೇ."

"ಮತ್ತೆ ಇಂಡಿಯಾ ದೇಶಾನೇ ಆಳಿದ ಕಂಪನಿ?" ಇದು ಐವಿಯ ಪ್ರಶ್ನೆ. ನಮ್ಮ ಉಡುಪು ಹೊಲಿಯುತ್ತ, ಅಡುಗೆ ಮಾಡುತ್ತ, ಬೇಕಾದಾಗ ಖಳನಾಯಕಿಯಾಗುತ್ತ ಇರುವ ಅದೇ ಐವಿ, ನಿನ್ನ ಜಡೆ ಹೆಣೆದವಳು.

ಮೇಷ್ಟ್ರು ಮುಖ ಗಂಟಿಕ್ಕಿದರು. "ಅವರಾ? ಜೊತೇಲಿ ರೊಟ್ಟಿ ತಿನ್ನೋರ ಹೆಸರು ಇಟ್ಕೊಂಡು ಊರೋರ ರೊಟ್ಟಿ ಕಿತ್ಕೊಂಡೋರು. ಪದ ಎಲ್ಲಾರ ಮನೇಗೂ ಹೋಗುತ್ತೆ ಐವಿ. ಕಳ್ಳನ ಮನೆಗೂ."

ಕೇಳಿದೆಯಾ, ಲೋರ್ನಾ? ಇದೆಲ್ಲ ಹಳೆಯ ಮಾತು, ಆದರೆ ನಮ್ಮ ಡೇರೆಯಲ್ಲಿ ಇಂದಿನ ಮಾತೂ ಅದೇ. ಇದನ್ನು ಕ್ಲೈವ್‌ಗೂ ಓದಿ ಹೇಳು, ಅವನಿಗೆ ನಮ್ಮ ಕಟ್ಟಳೆ ತಿಳಿದಿರಲಿಕ್ಕಿಲ್ಲ. ಹೊಸ ಊರಿನಲ್ಲಿ ಡೇರೆಯ ನಡುಗಂಬ ಎದ್ದು ನಿಂತ ಸಂಜೆ ಐವಿ ಕೆಂಡದ ಬೂದಿಯಲ್ಲಿ ಒಂದು ದೊಡ್ಡ, ದಪ್ಪನೆಯ ಡ್ಯಾಂಪರ್ ರೊಟ್ಟಿ ಸುಡುತ್ತಾಳೆ. ಚಾಕು ತಾಗಿಸುವಂತಿಲ್ಲ. ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ಒಂದು ತುಂಡು ಮುರಿದುಕೊಳ್ಳುತ್ತಾರೆ. ಮುರಿದು ತಿಂದವನು ಕಂಪನಿಯಲ್ಲಿ ಇದ್ದಾನೆ. ಮುರಿಯದೆ ಪಕ್ಕದವರಿಗೆ ದಾಟಿಸಿದವನು ಬಿಟ್ಟು ಹೊರಟಿದ್ದಾನೆ. ಯಾಕೆ, ಏನು ಎಂದು ಯಾರೂ ಕೇಳಬಾರದು. ಇದು ನಿನ್ನ ಅಪ್ಪ ಮಾಡಿದ ಕಾನೂನು. ಅವರು ಮಣ್ಣಿಗೆ ಹೋದರೂ ಕಾನೂನು ಹೋಗಿಲ್ಲ.

ನೀನೋ, ಎರಡು ವರ್ಷದ ಹಿಂದೆ ನರಾಂಡೆರಾದಲ್ಲಿ ರೊಟ್ಟಿ ಮುರಿದು, ಜೇನಿನಂಥ ಪಾಕ ಸವರಿಕೊಂಡು ತಿಂದು, ಬೆಳಗಾಗುವಷ್ಟರಲ್ಲಿ ಕ್ಲೈವ್‌ನ ಜೊತೆ ರೈಲು ಹತ್ತಿದೆ! ಅಂಥ ತಪ್ಪು ನಮ್ಮ ಡೇರೆಯಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ತಿಂದೆಯಲ್ಲ, ಅದಕ್ಕೇ ಡಿನ್ನಿಯ ಲೆಕ್ಕದಲ್ಲಿ ನೀನು ಹೋಗಿಯೇ ಇಲ್ಲ. ನಿನ್ನ ಪೆಟ್ಟಿಗೆಯನ್ನು ಊರಿಂದ ಊರಿಗೆ ಲಾರಿಗೆ ಹಾಕುತ್ತಾನೆ, ಇಳಿಸುತ್ತಾನೆ. ನಾನು ಬೈದರೆ, "ಅವಳ ಪ್ರವೇಶ ಸ್ವಲ್ಪ ತಡ ಆಗಿದೆ ಅಮ್ಮಾವ್ರೇ, ಅಷ್ಟೇ" ಎನ್ನುತ್ತಾನೆ.

ಇಂಥವರನ್ನು ಬಿಟ್ಟು ಬಾ ಎನ್ನುತ್ತೀಯಾ? ಈ ವಯಸ್ಸಿನಲ್ಲಿ ಇವರಿಗೆ ಇನ್ನಾವ ಡೇರೆ? ಅದೂ ಅಲ್ಲದೆ, ಇಲ್ಲಿ ನಾಟಕ ಭರ್ಜರಿಯಾಗಿ ನಡೆಯಿತು. ಚಪ್ಪಾಳೆಗೆ ಕಂಬಗಳು ಅದುರಿದವು, ಹೊರಗೆ ಮರದಲ್ಲಿ ಮಲಗಿದ್ದ ಗಲಾ ಗಿಳಿಗಳು ಎದ್ದು ಹಾರಿದವು. ನಾಳೆ ಡೆನಿಲಿಕ್ವಿನ್‌ಗೆ ಹೊರಡುತ್ತೇವೆ. ಗುರುವಾರ ಕಂಬ ಏಳುತ್ತದೆ. ಕಾಗದವನ್ನು ಅಲ್ಲಿಂದ ಹಾಕುತ್ತೇನೆ.

ಗುರುವಾರ, ಡೆನಿಲಿಕ್ವಿನ್

ಲೋರ್ನಾ, ಮೇಲಿನದನ್ನು ಹರಿದು ಹಾಕಬೇಕೆಂದಿದ್ದೆ. ಹರಿಯಲಿಲ್ಲ. ಆಡಿದ ಮಾತನ್ನು ರಂಗದ ಮೇಲಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಮೊದಲು ಗಿಳಿಗಳ ವಿಷಯ. ಅವು ಹಾರಿದ್ದು ನಿಜ. ಹಾರಿಸಿದ್ದು ಚಪ್ಪಾಳೆಯಲ್ಲ, ಆಂಬ್ರೋಸ್ ಮೇಷ್ಟ್ರ ಕೂಗು. ನ್ಯಾಯಾಲಯದ ದೃಶ್ಯದಲ್ಲಿ ನಾನು ಕೈಯೆತ್ತಿ ನಿಂತೆ. ನಿನಗೆ ಗೊತ್ತಲ್ಲ, "ಈ ತಾಯಿಯ ಎದೆ ಸೀಳಿ ನೋಡಿ" ಎನ್ನುವ ಮಾತು, ನಿದ್ದೆಯಲ್ಲೂ ಹೇಳುತ್ತಿದ್ದೆ. ಬರಲಿಲ್ಲ. ಬಾವಿಗೆ ಕೊಡ ಇಳಿಸಿದೆ, ನೀರಿಲ್ಲ. ಮೇಷ್ಟ್ರು ಪಿಸುಗುಟ್ಟಿದರು, ಆಮೇಲೆ ಹೇಳಿದರು, ಆಮೇಲೆ ಅರಚಿದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ಉಣ್ಣೆ ಕತ್ತರಿಸುವವನೊಬ್ಬ ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಅಜ್ಜೀ, ಎದೆ ಸೀಳಿ ನೋಡು ಅಂತ ಹೇಳ್ಬೇಕಂತೆ! ನಮಗೆಲ್ಲ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?" ಎಂದ. ಡೇರೆ ತುಂಬ ನಗು. ನಾನೂ ನಕ್ಕು, ಮಂಡಿಯೂರಿ, ಅಳುವಂತೆ ಮಾಡಿ ಪರದೆ ಎಳೆಸಿದೆ.

ಇದು ಮೊದಲ ಸಲವಲ್ಲ. ಹೋದ ವರ್ಷದ ಬೇಸಿಗೆಯಿಂದ ಹೀಗಾಗುತ್ತಿದೆ. ನಿನಗೆ ಬರೆದ ಕಾಗದಗಳಲ್ಲಿ ಇದಕ್ಕೆಲ್ಲ ನೆಗಡಿ ಎಂದು ಹೆಸರಿಟ್ಟಿದ್ದೆ.

ಇನ್ನು ಇಂದಿನ ಸಂಜೆ. ಎಡ್ವರ್ಡ್ ನದಿಯ ದಡದಲ್ಲಿ, ಕೆಂಪು ಗಮ್ ಮರಗಳ ಕೆಳಗೆ ಕಂಬ ಎದ್ದಿತು. ಐವಿ ರೊಟ್ಟಿ ಸುಟ್ಟಳು. ನಾನು ನನ್ನ ಪೆಟ್ಟಿಗೆಯ ಮೇಲೆ ರಾಣಿಯ ಹಾಗೆ ಕೂತಿದ್ದೆ. "ಆಗುವುದಿಲ್ಲ" ಎಂಬ ಕಾಗದ ಕೋಟಿನ ಜೇಬಿನಲ್ಲಿತ್ತು. ಯಾವಾಗಲೂ ರೊಟ್ಟಿ ನನ್ನಿಂದ ಶುರುವಾಗುತ್ತದೆ. ಇಂದು ಐವಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನೇರವಾಗಿ ಡಿನ್ನಿಯ ಕೈಗಿಟ್ಟಳು.

"ಯಾಕೇ? ನನ್ನ ಕೈ ಸೇದಿಹೋಗಿದೆಯಾ?" ಎಂದೆ.

"ಬಿಸಿ ಇದೆ ಅಮ್ಮಾವ್ರೇ," ಎಂದಳು, ನನ್ನ ಮುಖ ನೋಡದೆ.

ಡಿನ್ನಿ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಆಸೆಯಿಂದ ಮೂಸಿದ. ಆಮೇಲೆ ಮುರಿಯದೆ ಮೇಷ್ಟ್ರಿಗೆ ದಾಟಿಸಿದ. ತಮಾಷೆ ಎಂದುಕೊಂಡೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮುರಿಯದೆ ಐವಿಗೆ ದಾಟಿಸಿದರು. ಐವಿ ತಾನೇ ನಾದಿ ತಾನೇ ಸುಟ್ಟ ರೊಟ್ಟಿಯನ್ನು ಮುರಿಯದೆ ನನ್ನ ಮಡಿಲಿಗಿಟ್ಟಳು. ಇಡೀ ರೊಟ್ಟಿ, ಒಂದು ಚೂರೂ ಮುರಿದಿರಲಿಲ್ಲ, ಲೋರ್ನಾ!

ನಿನ್ನ ತಾಯಿ ಆಗ ಏನು ಮಾಡಿರಬಹುದು ಎಂದು ನೀನು ಬಲ್ಲೆ. ರೊಟ್ಟಿ ಹಿಡಿದೇ ಎದ್ದು ನಿಂತೆ. ನದಿಯ ಆಚೆ ದಡಕ್ಕೆ ಕೇಳುವಂತೆ ಗರ್ಜಿಸಿದೆ. "ದ್ರೋಹಿಗಳಾ! ಕಂಬ ಎದ್ದ ಮೇಲೆ ಕೈಬಿಡ್ತೀರಾ? ಇಪ್ಪತ್ತು ವರ್ಷ ನನ್ನ ಕೈಯಿಂದ ತಿಂದು, ಇವತ್ತು ಒಬ್ಬೊಬ್ಬರಾಗಿ ಬೆನ್ನು ತೋರಿಸ್ತೀರಾ? ಎಲ್ಲಿಗೆ ಹೋಗ್ತೀಯೋ ಡಿನ್ನಿ? ಯಾವ ಮಹಾರಾಜ ಕರೆದಿದ್ದಾನೆ ನಿನ್ನನ್ನ?"

"ಯಾರೂ ಕರ್ದಿಲ್ಲ," ಎಂದ ಡಿನ್ನಿ. "ಕೊನೇ ಅಂಕದಲ್ಲಿ ನಿಮ್ಮನ್ನ ಎತ್ಕೊಂಡು ಓಡೋಕೆ ನನ್ನ ಸೊಂಟ ಒಪ್ತಾ ಇಲ್ಲ. ಅಷ್ಟೇ."

"ಸುಳ್ಳು!"

"ಸುಳ್ಳೇ ಇರ್ಲಿ. ಯಾಕೆ ಅಂತ ಕೇಳೋ ಹಾಗಿಲ್ಲ. ಕಾನೂನು ನಿಮ್ಮನೇದೇ."

ಬಾಯಿ ಮುಚ್ಚಿಸಿದ, ನೋಡು. ನನ್ನ ಗಂಡನ ಕಾನೂನಿನಿಂದಲೇ!

ಮೇಷ್ಟ್ರು ಮೆಲ್ಲಗೆ ಹೇಳಿದರು. "ಹೆಸ್ಟರಮ್ಮ, ನೀವಾಗಿ ಬಿಡೋರಲ್ಲ. ಹಡಗು ಮುಳುಗಿದ್ರೂ ಕೊನೇ ಮಾತು ಮುಗಿಸದೆ ಈಜೋರಲ್ಲ. ಅಲ್ಲಿ ಹುಡುಗಿ ಕರೀತಾ ಇದ್ದಾಳೆ. ನಮ್ಮಿಂದಾಗಿ ನೀವು ಇಲ್ಲಿ ನಿಂತ್ರಿ ಅನ್ನೋ ಮಾತು ನಮಗೆ ಬೇಡ. ಅದಕ್ಕೇ ನಾವೇ ಮೊದಲು ಇಳಿದ್ವಿ."

ಮತ್ತೆ ಪೆಟ್ಟಿಗೆಯ ಮೇಲೆ ಕೂತೆ.

ಬಿಸಿ ರೊಟ್ಟಿ ಮಡಿಲನ್ನು ಸುಡುತ್ತಿತ್ತು. ಒಂದು ತುಂಡು ಮುರಿದು ಬಾಯಿಗೆ ಹಾಕಿದ್ದರೆ ಟ್ರೆಲೋರ್ ಡೇರೆ ನಾಟಕ ಕಂಪನಿ ಉಳಿಯುತ್ತಿತ್ತು, ಕಾನೂನಿನ ಪ್ರಕಾರ. ಹೆಬ್ಬೆರಳು ಒತ್ತಿದ್ದೂ ಹೌದು. ಆದರೆ ಮಂಗಳವಾರ ಮೇಷ್ಟ್ರು ಹೇಳಿದ್ದು ನೆನಪಾಯಿತು. ಒಬ್ಬಳೇ ಕೂತು ತಿಂದರೆ ಅದು ಊಟ, ಕಂಪನಿಯಲ್ಲ. ಬೆರಳು ತೆಗೆದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದೆ.

ಆಮೇಲೆ ಏನಾಯಿತು ಕೇಳು, ನಗಬೇಡ. ಎಲ್ಲರಿಗೂ ಹಸಿವು. ಮಾಡಿದ್ದು ಅದೊಂದೇ ರೊಟ್ಟಿ. ಅದನ್ನು ಮುಟ್ಟಿದರೆ ಮತ್ತೆ ಕಂಪನಿಗೆ ಸೇರಿದ ಹಾಗೆ. ನಡುವೆ ರೊಟ್ಟಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತೆವು. ಡಿನ್ನಿ ತಡೆಯಲಾರದೆ, "ಐವೀ, ಈ ತ್ಯಾಗ ಮಾಡೋ ಮುಂಚೆ ಎರಡು ಆಲೂಗಡ್ಡೆ ಬೇಯಿಸ್ಬಾರ್ದಿತ್ತಾ?" ಎಂದ. ಐವಿ ಬೈಯುತ್ತಲೇ ಎದ್ದು ಕುರಿಮಾಂಸ ಹುರಿದಳು. ಇಷ್ಟು ವರ್ಷದಲ್ಲಿ ಹೊಸ ಊರಿನ ಮೊದಲ ಸಂಜೆ ರೊಟ್ಟಿಯಿಲ್ಲದೆ ಉಂಡದ್ದು ಇದೇ ಮೊದಲು.

ಐವಿ ಇಲ್ಲಿನ ದೊಡ್ಡ ಹೋಟೆಲಿನ ಅಡುಗೆಮನೆಗೆ ಸೇರುತ್ತಾಳಂತೆ. ಮೇಷ್ಟ್ರಿಗೆ ಬೆಂಡಿಗೋದಲ್ಲಿ ತಂಗಿ ಇದ್ದಾಳೆ. ಎಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ, ಕಳ್ಳರು. ಡೇರೆ ಬಟ್ಟೆಯನ್ನು ಇಲ್ಲಿನ ಗೋಧಿ ರೈತನೊಬ್ಬ ಬಣವೆಗೆ ಹೊದಿಸಲು ಕೇಳಿದ್ದಾನೆ. ನೀನು ಕತ್ತರಿಸಿದ ತೂತನ್ನು ಐವಿ ಹೊಲಿದು ಕೊಡುತ್ತಾಳೆ.

ಸೋಮವಾರದ ರೈಲಿಗೆ ಹೊರಡುತ್ತೇನೆ. ಮೆಲ್ಬರ್ನಿನಲ್ಲಿ ಇಳಿದು ಗೀಲಾಂಗಿಗೆ ಬರಲು ನನಗೆ ದಾರಿ ಗೊತ್ತು. ಕ್ಲೈವ್‌ನನ್ನು ಕಳಿಸಬೇಡ, ಅವನು ಗಡಿಯಾರ ನೋಡುವುದನ್ನು ನಾನು ಸಹಿಸಲಾರೆ. ಹಿಂದಿನ ಕೋಣೆಯಲ್ಲಿ ದೊಡ್ಡ ದನಿಯಲ್ಲಿ ಮಾತಾಡುತ್ತೇನೆ, ಮೊದಲೇ ಹೇಳಿದ್ದೇನೆ. ಮಗು ಹೆದರಿದರೆ ಕಲಿಯುತ್ತದೆ.

ಪರದೆ ಇಳಿದ ಮೇಲೂ ಕೆಳಗಿಳಿಯದ ದನಿಯ,
ನಿನ್ನ ತಾಯಿ
ಹೆಸ್ಟರ್ ಟ್ರೆಲೋರ್

ಮತ್ತೊಂದು ಮಾತು: ಅಂಚೆಗೆ ಹಾಕಲು ಹೊರಟಾಗ ಡಿನ್ನಿ ಡೇರೆಯ ಬಾಗಿಲಲ್ಲಿ ನಿಂತಿದ್ದಾನೆ, ಹೆಗಲ ಮೇಲೆ ನಿನ್ನ ಪೆಟ್ಟಿಗೆ. ನೀನೆಲ್ಲಿಗಯ್ಯಾ ಎಂದೆ. "ಲೆಕ್ಕ ಹಾಕಿ ನೋಡಿ ಅಮ್ಮಾವ್ರೇ. ನಾವು ಮೂವರೂ ಮುರೀಲಿಲ್ಲ, ಹೋದ್ವಿ. ನೀವೂ ಮುರೀಲಿಲ್ಲ, ಹೋದ್ರಿ. ಲೋರ್ನಾ ಮಾತ್ರ ನರಾಂಡೆರಾದಲ್ಲಿ ಮುರಿದು ತಿಂದಿದ್ದಾಳೆ. ಅವಳು ಇನ್ನೂ ದಾಟಿಸಿಲ್ಲ. ಈಗ ಕಂಪನಿ ಅಂದ್ರೆ ಅವಳೊಬ್ಬಳೇ. ಸೇರ್ಕೊಳ್ಳೋಕೆ ಹೋಗ್ತಾ ಇದೀನಿ" ಎನ್ನುತ್ತಾನೆ. ಎಷ್ಟು ಯೋಚಿಸಿದರೂ ಇದರಲ್ಲಿ ತಪ್ಪು ಹಿಡಿಯಲು ನನ್ನಿಂದಾಗಲಿಲ್ಲ. ರೊಟ್ಟಿ ನನ್ನ ಚೀಲದಲ್ಲಿದೆ. ತಲುಪುವಷ್ಟರಲ್ಲಿ ಕಲ್ಲಾಗಿರುತ್ತದೆ, ಆದರೂ ಮೊದಲ ತುಂಡು ನೀನೇ ಮುರಿಯಬೇಕು, ಕಂಪನಿಯ ಒಡತಿ ನೀನಲ್ಲವೇ. ಹಿಂದಿನ ಕೋಣೆಗೆ ಇನ್ನೊಂದು ಮಂಚ ಹಾಕಿಸು.