ಅರವತ್ತೊಂದನೇ ತೇಪೆ

೩, ಸೋಮವಾರ, ಸಂಜೆ

ಇಂದು ಹದಿನಾಲ್ಕು ತೇಪೆ. ಹನ್ನೆರಡಕ್ಕೆ ರೈಟ್, ಎರಡಕ್ಕೆ ಕ್ರಾಸ್. ವಿಮಾನ ನಿಲ್ಲುವ ಅಂಗಳದಲ್ಲಿ ಕಾಂಕ್ರೀಟ್ ಒಡೆದ ಕಡೆಯಲ್ಲೆಲ್ಲ ಕಿತ್ತು ಹೊಸದು ತುಂಬಿದ್ದೇವೆ. ಗಟ್ಟಿಯಾದ ಮೇಲೆ ಮಾವ ಸುತ್ತಿಗೆಯಿಂದ ಬಡಿದು ನೋಡಬೇಕು. ಟಣ್ ಎಂದರೆ ಕಚ್ಚಿಕೊಂಡಿದೆ. ಡಬ್ ಎಂದರೆ ಅಡಿಯಲ್ಲಿ ಪೊಳ್ಳು — ಇವತ್ತಲ್ಲ ನಾಳೆ ಎದ್ದು ಬರುತ್ತದೆ, ಆ ಚೂರು ಎಂಜಿನ್ ಒಳಗೆ ಹೋದರೆ ಮುಗಿಯಿತು. ಮಾವನ ಸೀಮೆಸುಣ್ಣದ ರೈಟ್ ಬೀಳದೆ ನಮ್ಮ ಕಂಪನಿ ಯಾವ ಕೆಲಸವನ್ನೂ ಬಿಟ್ಟುಕೊಡುವುದಿಲ್ಲ. ನಲವತ್ತು ವರ್ಷದ ಕಟ್ಟಳೆ.

ನಾನು ರಿಜಿಸ್ಟರ್ ಹಿಡಿದು ಎದುರಿಗೆ. ಬಡಿಯುತ್ತಾರೆ, ತಲೆ ಎತ್ತಿ ನನ್ನನ್ನು ನೋಡುತ್ತಾರೆ, ಗುರುತು ಹಾಕುತ್ತಾರೆ. ಬರೆದುಕೊಂಡೆನೋ ಇಲ್ಲವೋ ಎಂಬ ಅನುಮಾನ. ಸೊಸೆಯ ಮೇಲೆ ಅಷ್ಟು ನಂಬಿಕೆ.

ಮನೆಗೆ ಬಂದರೆ ಟಿವಿ ಕಿರುಚುತ್ತಿತ್ತು. ಇವರು ಹೇಳಿದರು, "ಅಪ್ಪ, ಪಕ್ಕದ ಮನೆಯೋರು ಟಿವಿ ಮಾರಿಬಿಟ್ರಂತೆ. ನಮ್ದೇ ಸಾಕಂತೆ." ಮಾವ ನಕ್ಕರು. ಯಾಕೋ ಸ್ವಲ್ಪ ತಡವಾಗಿ...

೫, ಬುಧವಾರ

ಬೇಕೆಂದೇ ಹಿಂದಿನಿಂದ ಕರೆದೆ. "ಮಾವ, ಕಾಫಿ?" ತಿರುಗಲಿಲ್ಲ. ಇನ್ನೂ ಜೋರಾಗಿ. ಇಲ್ಲ. ಕಾಫಿ ಎಂದರೆ ನಿದ್ದೆಯಿಂದ ಏಳುವ ಮನುಷ್ಯ.

ರಿಜಿಸ್ಟರ್ ತಿರುವಿದೆ. ಮೂರು ವಾರದಲ್ಲಿ ಒಂದೂ ತಪ್ಪಿಲ್ಲ. ಕಿವಿ ಕೇಳದೆ ಹೇಗೆ? ಕೈಗೇ ಗೊತ್ತಾಗುತ್ತಿರಬೇಕು. ನನಗೆ ತಿಳಿದುಹೋಗಿದೆ ಎಂದು ಅವರಿಗೆ ತಿಳಿಯಬಾರದು. ನನ್ನದೋ ಏನನ್ನೂ ಬಚ್ಚಿಡಲು ಬಾರದ ಮುಖ. ನಾಳೆಯಿಂದ ಏನೇ ಆಗಲಿ, ನಗುತ್ತಾ ನಿಲ್ಲುವುದು.

೬, ಗುರುವಾರ

೬೧ನೇ ತೇಪೆ ಡಬ್ ಎಂದಿತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾವ ನನ್ನನ್ನು ನೋಡಿದರು — ನಗುತ್ತಿದ್ದೆ — ರೈಟ್ ಹಾಕಿಬಿಟ್ಟರು. ಸುತ್ತ ಹನ್ನೊಂದು ಜನ, ಮೇಸ್ತ್ರಿ ಬೇರೆ. ಬಾಯಿ ಬಿಡಲಾಗಲಿಲ್ಲ. ನಾನೂ ರೈಟ್ ಬರೆದುಕೊಂಡೆ, ಇದೇ ಕೈಯಿಂದ.

ಆಮೇಲೆ ಇನ್ನೂ ಎಂಟು ಬಡಿದರು. ತಲೆ ಗುಂಯ್ ಎನ್ನುತ್ತಿತ್ತು. ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

೮, ಶನಿವಾರ, ಬೆಳಗ್ಗೆ ೯

ನಿನ್ನೆ ತಲೆನೋವೆಂದು ಮನೆಯಲ್ಲೇ ಉಳಿದೆ. ನಾನಿಲ್ಲವೆಂದು ಮಾವನೂ ಒಂದು ತೇಪೆ ಬಡಿಯಲಿಲ್ಲವಂತೆ.

ಇಂದು ಆರಕ್ಕೆ ಅವರ ಚೀಲದಿಂದ ಸುತ್ತಿಗೆ ಕದ್ದು ಒಬ್ಬಳೇ ಸೈಟಿಗೆ ಹೋದೆ. ೬೧ ಮತ್ತೆ ಡಬ್. ರೈಟ್ ಒರೆಸಿ ಕ್ರಾಸ್ ಹಾಕಿ ಎದ್ದರೆ — ಮಾವ ಎದುರಿಗೇ. ಸುತ್ತಿಗೆ ಹುಡುಕಿಕೊಂಡು ಬಂದಿದ್ದಾರೆ.

"ಪೊಳ್ಳಾ?"

ತಲೆಯಾಡಿಸಿದೆ.

"ಮತ್ತೆ ಅವತ್ತು ಯಾಕಮ್ಮ ನಗ್ತಿದ್ದೆ?"

ಅರ್ಥವಾಗಲಿಲ್ಲ.

"ನನ್ನ ಕಿವಿ ಕೈಕೊಟ್ಟು ವರ್ಷ ಆಯ್ತು. ನಾನು ಬಡೀತೀನಿ, ನಿನ್ನ ಹುಬ್ಬು ನೋಡ್ತೀನಿ. ಗಂಟಾದ್ರೆ ಕ್ರಾಸು. ನಿನ್ನ ಮುಖ ಇದುವರೆಗೂ ಒಂದ್ಸಲಾನೂ ಸುಳ್ಳು ಹೇಳಿರ್ಲಿಲ್ಲ."

ಅಳು ಬಂತು. "ನಮಗೆ ಹೇಳ್ಬಾರ್ದಿತ್ತಾ ಮಾವ?" ಕೂಗಿಯೇ ಕೇಳಿದೆ.

"ಹೇಳಿದ್ರೆ ಮನೇಲಿ ಕೂರಿಸ್ತಿದ್ರಿ. ಹೆದರಿಕೆ ಆಯ್ತು. ನೀನ್ಯಾಕೆ ಹೇಳ್ಲಿಲ್ಲ?"

"ನನಗೂ ಹೆದರಿಕೆ."

ನಾನು ನಕ್ಕ ದಿನದ ಹದಿನೈದನ್ನೂ ಮತ್ತೆ ಬಡಿದೆವು. ೬೬ ಕೂಡ ಪೊಳ್ಳು. ಜನ ಬಂದ ಮೇಲೆ ಮಾವನೇ ಎಲ್ಲರ ಮುಂದೆ ಹೇಳಿಬಿಟ್ಟರು, ಕಿವಿ ಹೋಗಿದೆ, ಎರಡು ತಪ್ಪಿದೆ, ಕಿತ್ತುಹಾಕಿ ಎಂದು. ಅವರು ಬೆನ್ನು ತಿರುಗಿಸಿದ ಮೇಲೆ ಮೇಸ್ತ್ರಿ, "ಅದಕ್ಕೇ ನೋಡಿ, ಆರು ತಿಂಗ್ಳಿಂದ ಹಿಂದೆ ನಿಂತು ರಜೆ ಕೇಳಿದ್ರೂ ಕೊಟ್ಟೇ ಇಲ್ಲ" ಎಂದ. ಮಾವನಿಗೆ ಕೇಳಿಸಲಿಲ್ಲ. ತಿರುಗಿ, ನಾನು ನಗುವುದನ್ನು ನೋಡಿ ಅವರೂ ನಕ್ಕರು. ಈ ಸಲದ ನಗು ನಿಜವಾದದ್ದು.

೧೭, ಸೋಮವಾರ

ಅಂಗಳ ಬಿಟ್ಟುಕೊಟ್ಟೆವು. ಕಡೆಯ ವಾರವೆಲ್ಲ ಸುತ್ತಿಗೆ ನನ್ನ ಕೈಲಿ, ಸೀಮೆಸುಣ್ಣ ಅವರ ಕೈಲಿ. ನಾಡಿದ್ದು ಕಿವಿ ಡಾಕ್ಟರ ಹತ್ತಿರ. ಬೈದುಕೊಂಡೇ ಒಪ್ಪಿದ್ದಾರೆ.

ಹನ್ನೊಂದಕ್ಕೆ ಮೊದಲ ವಿಮಾನ ಬಂತು. ಬೇಲಿಯ ಹತ್ತಿರ ಸಾಲಾಗಿ ನಿಂತಿದ್ದೆವು — ಇವರು, ಮೇಸ್ತ್ರಿ, ಎಲ್ಲರೂ. ಮುಂದಿನ ಚಕ್ರ ನಿಧಾನಕ್ಕೆ ಉರುಳುತ್ತಾ ನೇರ ೬೧ರ ಕಡೆಗೇ. ಎಲ್ಲರ ಕಣ್ಣೂ ಚಕ್ರದ ಮೇಲೆ. ಮಾವ ಮಾತ್ರ ಆ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಚಕ್ರ ೬೧ರ ಮೇಲೆ ಸದ್ದಿಲ್ಲದೆ ದಾಟಿತು; ನನ್ನ ಹುಬ್ಬು ಗಂಟಾಗಲಿಲ್ಲ.