ಹದಿಮೂರರ ವಿಚಾರಣೆಗೆ ಕ್ಯಾಮೆರಾ

೪ ಅಕ್ಟೋಬರ್ ೨೦೨೫, ಶನಿವಾರ, ಬೆಳಿಗ್ಗೆ ೭

ಎರಡನೇ ಕಾಫಿ. ಮತ್ತದೇ ಮಂಜು. ವೆಬ್‌ಕ್ಯಾಮೆರಾದ ದೀಪ ಹತ್ತುತ್ತದೆ, ಚಿತ್ರ ಮಾತ್ರ ಹಾಲು ಚೆಲ್ಲಿದ ಹಾಗೆ. ನನ್ನ ಮುಖ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೋ ತಿಳಿಯದು. ಹೋದ ತಿಂಗಳು ವಿಂಡೋಸ್‌ನಲ್ಲಿ ಚೆನ್ನಾಗಿತ್ತು. ಈ ಹದಿನಾಲ್ಕರ ಮೇಲೆ ಆ ಹಳೆಯ ವಿಂಡೋಸನ್ನು ಕಂಪನಿ ನೋಡಿಕೊಳ್ಳುವುದಿಲ್ಲವಂತೆ, ಹೊಸ ಕಂಪ್ಯೂಟರ್ ಕೊಳ್ಳಬೇಕಂತೆ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವುದೇ? ಒಳ್ಳೆಯ ದಿನವೆಂದು ವಿಜಯದಶಮಿಯಂದೇ ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿದೆ. ಅಂದಿನಿಂದ ಈ ಮಂಜು.

ಹದಿಮೂರಕ್ಕೆ ಮಾಹಿತಿ ಹಕ್ಕಿನ ಮೇಲ್ಮನವಿ ವಿಚಾರಣೆ. ವಿಡಿಯೋದಲ್ಲೇ ಹಾಜರಾಗಬೇಕು, ಇಲ್ಲವಾದರೆ ವಜಾ. ಕುಂಬಾರಕೊಪ್ಪಲಿನ ನಮ್ಮ ಬೀದಿಯ ಕೊನೆಯ ನಿವೇಶನ ೧೯೮೬ರಲ್ಲಿ ಗ್ರಂಥಾಲಯಕ್ಕೆ ಬಿಟ್ಟದ್ದು. ಈಗ ಯಾರೋ ಬೇಲಿ ಹಾಕಿದ್ದಾರೆ. ನಕ್ಷೆಯ ಪ್ರತಿ ಕೇಳಿದರೆ ಬಡಾವಣೆ ಮಾಡಿದ ಕಚೇರಿಯಿಂದ ನಾಲ್ಕು ವರ್ಷ ಒಂದೇ ಉತ್ತರ — ಕಡತ ಲಭ್ಯವಿಲ್ಲ. ಅಂಚೆಯಲ್ಲಿ ಕಳಿಸಿದ ದಾಖಲೆಗಳೂ ತಲುಪಿಲ್ಲವಂತೆ. ಹಾಗಾಗಿ ಕ್ಯಾಮೆರಾಕ್ಕೇ ಹಿಡಿದು ತೋರಿಸಬೇಕು. ನನ್ನದು ಕೀಪ್ಯಾಡ್ ಫೋನ್. ಇನ್ನೊಬ್ಬರ ಫೋನ್ ಬೇಡಲಾರೆ.

೬ ಅಕ್ಟೋಬರ್, ಸೋಮವಾರ

ಯುಎಸ್‌ಬಿ ಪಟ್ಟಿಯಲ್ಲಿ ಕ್ಯಾಮೆರಾದ ಹೆಸರಿದೆ. ಅದನ್ನು ನಡೆಸುವ ತಂತ್ರಾಂಶ, ಡ್ರೈವರ್, ಲೋಡ್ ಆಗಿದೆ. ತೆಗೆದೆ, ಮತ್ತೆ ಹಾಕಿದೆ. ಬೇರೆ ಪೋರ್ಟ್. ಲಿನಕ್ಸ್‌ನ ತಿರುಳು ಕರ್ನಲ್ಲಿಗೂ ಅಪ್‌ಡೇಟ್. ಮಂಜು. ಲಿನಕ್ಸ್ ಬಳಸುವವರ ಫೋರಮ್ಮಿನಲ್ಲಿ ಕೇಳಿದೆ. ಒಬ್ಬ ಮಹಾಶಯ ಮೊದಲು ಕೈಪಿಡಿ ಓದಿ ಎಂದ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ಓದು ಎನ್ನುತ್ತಾನೆ!

೭ ಅಕ್ಟೋಬರ್, ಸಂಜೆ

ಉದಯಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮರಿಸ್ವಾಮಿಯ ಅಂಗಡಿಗೆ ಆಟೊದಲ್ಲಿ ಎಲ್ಲವನ್ನೂ ಹೊತ್ತೊಯ್ದೆ. ಲಿನಕ್ಸ್ ಎಂದೊಡನೆ ಕೈ ಹಿಂದಕ್ಕೆಳೆದುಕೊಂಡ. ಕ್ಯಾಮೆರಾ ಮುಟ್ಟಲೂ ಇಲ್ಲ.

“ತಗ್ದಾಕ್ಬುಡಿ ಸಾರ್ ಅದ್ನ. ಈ ವಯಸ್ನಲ್ಲಿ ಯಾಕೆ ನಿಮ್ಗೆ ಈ ತಲೆನೋವು?”

“ಈ ವಯಸ್ಸಿಗೆ ಯಾವ್ಯಾವ ತಲೆನೋವು ಆಗ್ಬಹುದು, ಒಂದು ಪಟ್ಟಿ ಬರ್ಕೊಡಪ್ಪ.”

ನಕ್ಕ. ಟೀ ತರಿಸಿದ. ಅಷ್ಟೇ.

೧೧ ಅಕ್ಟೋಬರ್, ಶನಿವಾರ

ಮೂರು ದಿನ ಏನೂ ಬರೆದಿಲ್ಲ. ಲಿನಕ್ಸ್ ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಡ್ರೈವರ್ ಬರೆದವರ ವಂಶವನ್ನೆಲ್ಲ ಬೈದೆ. ಕಸ ಗುಡಿಸಲು ಬಂದ ನನ್ನವಳು ಶಿವನಂಜಮ್ಮ ಪೊರಕೆ ಹಿಡಿದುಕೊಂಡೇ ಕೇಳಿದಳು, ಹೆಂಡತಿಯರಿಗೆ ಮಾತ್ರ ಬರುವ ಆ ತಣ್ಣನೆಯ ದನಿಯಲ್ಲಿ —

“ಆಯುಧಪೂಜೆಲಿ ಕ್ಯಾಮೆರಾಕ್ಕೂ ಗಂಧ ಇಟ್ರಲ್ಲ, ನೀವೇ. ಹಣೆ ಯಾವ್ದು ಅಂತ ಗೊತ್ತಾಗ್ದೆ ಕಣ್ಣಿಗೇ ಇಟ್ಬುಟ್ರಿ ಕಣ್ರೀ.”

ಮಾರನೆಯ ದಿನ ಸೆರಗಿನಲ್ಲಿ ಅವಳೇ ಒರೆಸಿದ್ದಳಂತೆ. ತೆಳ್ಳನೆಯ ಪೊರೆ ಉಳಿದಿತ್ತು. ಕನ್ನಡಕದ ಬಟ್ಟೆ, ಎರಡು ಹನಿ ನೀರು. ನನ್ನ ಮುಖ ಬಂತು — ಸಿಡುಕು ಮುಖ. ಡ್ರೈವರ್ ಬರೆದವರ ಕ್ಷಮೆ ಕೇಳಬೇಕು. ಆ ಕೈಪಿಡಿ ಮಹಾಶಯನದಲ್ಲ.

೧೩ ಅಕ್ಟೋಬರ್, ಸೋಮವಾರ, ಮಧ್ಯಾಹ್ನ ೧

ಈಗಷ್ಟೇ ಮುಗಿಯಿತು.

ಕಚೇರಿಯ ಪರವಾಗಿ ಅಧಿಕಾರಿ ಪ್ರಭುಸ್ವಾಮಿ ಕೂತಿದ್ದರು. ಕಡತ ಲಭ್ಯವಿಲ್ಲ ಎಂದು ಹಳೆಯ ಪಾಠ ಒಪ್ಪಿಸಿದರು. ೧೯೮೬ರಲ್ಲಿ ಅದೇ ಕಚೇರಿ ಆ ನಿವೇಶನದ ಬಗ್ಗೆ ಮನೆಮನೆಗೆ ಹಂಚಿದ ತಿಳಿವಳಿಕೆ ಪತ್ರವನ್ನು ಕ್ಯಾಮೆರಾಕ್ಕೆ ಹಿಡಿದೆ. ಮೇಲ್ತುದಿಯಲ್ಲಿ ಕಡತದ ಸಂಖ್ಯೆ.

“ಇನ್ನೊಂದ್ಚೂರು ಹತ್ರ ಹಿಡೀರಿ, ಯಜಮಾನ್ರೇ,” ಎಂದರು ವಿಚಾರಣೆ ನಡೆಸುತ್ತಿದ್ದ ಮಾಹಿತಿ ಆಯುಕ್ತರು. ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ಈಗಲೇ ಎದ್ದು ಹೋಗಿ ನೋಡಿ ಬನ್ನಿ, ನಾನು ಕಾಯುತ್ತೇನೆ ಎಂದು ಪ್ರಭುಸ್ವಾಮಿಗೆ ಹೇಳಿದರು.

ಆರು ನಿಮಿಷ ಖಾಲಿ ಕುರ್ಚಿ ನೋಡಿದೆವು. ಪ್ರಭುಸ್ವಾಮಿ ಕಡತದ ಕಟ್ಟು ಹಿಡಿದು ಬಂದರು.

“ಸಿಕ್ತು ಸಾರ್.”

ವಾರದೊಳಗೆ ನಕ್ಷೆಯ ಪ್ರತಿ ಕೊಡಬೇಕೆಂದು ಆದೇಶವಾಯಿತು. ಗೆದ್ದೆ ಎನ್ನಬೇಕು. ಆದರೆ ಚಿತ್ರ ಸ್ಪಷ್ಟವಾಗಿತ್ತು, ನಾನು ನೋಡಿದೆ — ಕಟ್ಟಿನ ಮೇಲೆ ಚೂರೂ ದೂಳಿಲ್ಲ. ಕಟ್ಟಿದ ದಾರ ಹೊಸದು. ಹಾಗಾದರೆ ಮೊನ್ನೆ ಮೊನ್ನೆ ಇದನ್ನು ಬಿಚ್ಚಿಸಿಕೊಂಡು ನೋಡಿದವರು ಬೇಲಿ ಹಾಕಿದವರೇ...