ಮಷೀನು ಬಿಚ್ಚಿದ ಮೇಲೆ ಆಡಿದ ಮಾತು

ಸಯನ್, ಮುಂಬೈ
ಸೋಮವಾರ, 9 ಡಿಸೆಂಬರ್ 2024

ಪ್ರೀತಿಯ ಅಕ್ಕಾ,

ನನ್ನ ಅಕ್ಷರ ನೋಡಿ ನಗಬೇಡ. ಐದನೆಯ ಇಯತ್ತೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಲ್ಲಿ ನೀನೇ ತಿದ್ದಿಕೊಂಡು ಓದು, ಸಣ್ಣವಳಿದ್ದಾಗ ನನ್ನ ಪಾಟಿ ತಿದ್ದುತ್ತಿದ್ದವಳೂ ನೀನೇ. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲ ಕುಂಟುತ್ತಲೇ ರೊಟ್ಟಿ ಬಡಿಯುತ್ತೀಯೋ? ಪೊರೆ ತೆಗೆಸಿದ ಮೇಲೆ ಅವ್ವನಿಗೆ ಸೂಜಿಯಲ್ಲಿ ದಾರ ಪೋಣಿಸಲು ಬರುತ್ತದಂತೆ, ಕೇಳಿ ಬಹಳ ಸಂತೋಷವಾಯಿತು. ಅವಳನ್ನು ಹತ್ತಿರ ಕೂರಿಸಿಕೊಂಡು ಈ ಕಾಗದ ನಿಧಾನವಾಗಿ ಓದಿ ಹೇಳು. ಮಾವನವರಿಗೆ ನನ್ನ ನಮಸ್ಕಾರ.

ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಎಂದು ನೀನು ಅಂದುಕೊಳ್ಳುತ್ತೀ. ಹತ್ತು ತಿಂಗಳಿಂದ ನಾನು ನಿಮಗೆ ಸರಿಯಾಗಿ ಫೋನ್ ಮಾಡಿಲ್ಲ. ಮಾಡಿದಾಗಲೂ ಹೂಂ, ಹಾಂ ಎಂದು ಇಟ್ಟಿದ್ದೇನೆ. ಮುಂಬೈಗೆ ಹೋದವಳಿಗೆ ಸೊಕ್ಕು ಬಂತು ಎಂದು ಅವ್ವ ಅಂದಳಂತೆ. ಸೊಕ್ಕಲ್ಲ ಅಕ್ಕಾ. ನಮ್ಮದು ಒಂದೇ ಖೋಲಿ. ಮಗ ಶರಣ ಎಚ್ಚರವಿರುವಾಗ ಅವನ ಕಿವಿಗೆ ಕನ್ನಡ ಬೀಳಬಾರದು ಎಂದು ಮನೆಯಲ್ಲಿ ಕಟ್ಟು ಮಾಡಿದ್ದರು. ನನಗೆ ಬೇರೆ ಭಾಷೆ ಅಷ್ಟಿಷ್ಟು ತಿಳಿದರೂ ಆಡಲು ಬರುವುದಿಲ್ಲ. ಹಾಗಾಗಿ ನನ್ನ ಬಾಯಿಗೇ ಆ ಕಟ್ಟು ಬಿತ್ತು. ಅದೆಲ್ಲ ಹೇಗಾಯಿತು ಎಂದು ಇವತ್ತು ಬರೆಯುತ್ತೇನೆ. ಅವನು ಮಲಗಿದ್ದಾನೆ.

ಜನವರಿಯಲ್ಲಿ ಅವನ ಎರಡೂ ಕಿವಿಗೆ ಆಪರೇಷನ್ ಆದದ್ದು ನಿನಗೆ ಗೊತ್ತಿದೆ. ಕಿವಿಯ ಹಿಂದೆ ಒಂದು ಮಷೀನು ಕೂರುತ್ತದೆ, ಅದರಿಂದ ಸಣ್ಣ ವೈರು, ವೈರಿನ ತುದಿಗೆ ನಾಣ್ಯದಷ್ಟಗಲದ ಬಿಲ್ಲೆ. ತಲೆಯ ಚರ್ಮದ ಒಳಗೆ ಡಾಕ್ಟರರು ಇಟ್ಟಿರುವುದಕ್ಕೆ ಆ ಬಿಲ್ಲೆ ಅಯಸ್ಕಾಂತದ ಹಾಗೆ ಅಂಟಿಕೊಳ್ಳುತ್ತದೆ. ಮಷೀನು ಮೊದಲ ಸಲ ಚಾಲೂ ಮಾಡುವ ದಿನ ನಾನು ಹಸಿರು ಸೀರೆ ಉಟ್ಟು ಹೋಗಿದ್ದೆ. ಅವನು ತಿರುಗಿ ನೋಡುತ್ತಾನೆ, ನಗುತ್ತಾನೆ ಎಂದು ಎಲ್ಲರೂ ಹೇಳಿದ್ದರು. ಚಾಲೂ ಆದ ತಕ್ಷಣ ಮಗು ಚೀರಿ ನನ್ನ ಸೆರಗಿನೊಳಗೆ ತಲೆ ತುರುಕಿತು. ನಾನು ಹೆದರಿ "ಇಲ್ಲಪ್ಪಾ, ಇಲ್ಲಪ್ಪಾ" ಎಂದೆ. ನನ್ನ ದನಿಗೆ ಇನ್ನೂ ಜೋರಾಗಿ ಚೀರಿದ. ಮೂರು ವರ್ಷ ಏನೂ ಕೇಳದವನಿಗೆ ಕುಕ್ಕರ್ ಸೀಟಿಯೂ ಒಂದೇ, ತಾಯಿಯೂ ಒಂದೇ. ಯಾವುದು ಏನು ಎಂದು ಒಂದೊಂದಾಗಿ ಕಲಿಯಬೇಕು, ಅದಕ್ಕೆ ಮನೆಯವರು ದಿನವಿಡೀ ಮಾತಾಡುತ್ತಲೇ ಇರಬೇಕು ಎಂದು ದವಾಖಾನೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದರು.

ಆ ದಿನವೇ ನಾನು ತಪ್ಪು ಮಾಡಿದೆ ಅಕ್ಕಾ. ಮೇಡಂ ಫಾರ್ಮ್ ಬರೆಯುತ್ತಾ, ಮನೆಯಲ್ಲಿ ಮಗುವಿನ ಜೊತೆ ಯಾವ ಭಾಷೆ ಆಡುತ್ತೀರಿ, ಒಂದನ್ನೇ ಹೇಳಿ, ಮೊದಲು ಒಂದು ಗಟ್ಟಿಯಾಗಲಿ ಎಂದು ಹಿಂದಿಯಲ್ಲಿ ಕೇಳಿದರು. ಜೊತೆಗೆ ಬಂದಿದ್ದ ನಾದಿನಿ ಶುಭಾಂಗಿ "ಹಿಂದಿ" ಎಂದಳು. ಮೇಡಂ ನನ್ನ ಮುಖ ನೋಡಿದರು. ಕೇಳಿದ್ದು ನನಗೆ ತಿಳಿದಿತ್ತು. ಆ ಎಸಿ ಕೋಣೆಯಲ್ಲಿ, ಅಷ್ಟು ಜನ ಪ್ಯಾಂಟು ಹಾಕಿದ ತಾಯಂದಿರ ನಡುವೆ, ನನಗೆ ನಮ್ಮ ಊರ ಮಾತಿನ ಹೆಸರು ಹೇಳಲು ನಾಚಿಕೆಯಾಯಿತು. ತಲೆ ಆಡಿಸಿಬಿಟ್ಟೆ. ಮೇಡಂ ಬರೆದುಕೊಂಡರು. ಯಾರೂ ನನ್ನ ಕೈ ಹಿಡಿದು ಹಾಗೆ ಮಾಡಿಸಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಗಂಗುಬಾಯಿ ಅದನ್ನೇ ಕಾಯಿದೆ ಮಾಡಿದರು. ಅವರು ನಲವತ್ತು ವರ್ಷದಿಂದ ಇಲ್ಲಿದ್ದಾರೆ, ಅವರ ಹಿಂದಿ ಅರ್ಧ ಮರಾಠಿ. ಆದರೂ ಬರುತ್ತದೆ. "ನಿನ್ನ ಹಳ್ಳಿ ಮಾತ ಕಲ್ತು ಅದೇನ ಮಾಡ್ತೈತಿ ಬೇ? ನಿನ್ನಂಗ ಬಾಗಲ ಹಿಂದ ನಿಂದರ್ತೈತಿ. ಹುಡುಗನ ಮುಂದ ನೀ ಮಾತಾಡಬ್ಯಾಡ, ತಲಿ ಕೆಡ್ತೈತಿ ಅದರದು" ಎಂದರು. ಇವರನ್ನು ಕೇಳಿದೆ. ಇವರು ಅಂಧೇರಿಯ ಆಫೀಸಿಗೆ ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. "ಸ್ವಲ್ಪ ದಿನ ತಡಕೋ, ಮದ್ಲ ಒಂದು ಭಾಷಾ ಬರ್ಲಿ. ನಿಂದು ಎಲ್ಲಿ ಓಡಿ ಹೊಕ್ಕೈತಿ?" ಎಂದರು. ನಾನು ಮರೆತು ಅವನಿಗೆ "ಉಣ್ಣು" ಎಂದರೂ, "ಬಾ" ಎಂದರೂ, ಒಲೆಯ ಕಡೆಯಿಂದ, ಟಿವಿಯ ಕಡೆಯಿಂದ ಒಟ್ಟಿಗೇ "ಚುಪ್" ಎನ್ನುತ್ತಿದ್ದರು. ಹಾಲು ಕೊಡುವಾಗ, ಚಡ್ಡಿ ಹಾಕುವಾಗ, ಜ್ವರ ಬಂದು ತೊಡೆಯ ಮೇಲೆ ಮಲಗಿದಾಗಲೂ ನಾನು ಸುಮ್ಮನಿರಬೇಕು. ಶುಭಾಂಗಿ ಕೆಲಸದಿಂದ ಬಂದು ಅರ್ಧ ಗಂಟೆ ಚಿತ್ರದ ಪುಸ್ತಕ ಹಿಡಿದು ಗಾಯ್, ಕುತ್ತಾ, ಗಾಡಿ ಎಂದು ಹೇಳಿಕೊಡುತ್ತಿದ್ದಳು. ದಣಿದಿದ್ದರೂ ಬಿಡುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ಉಳಿದ ಹನ್ನೊಂದು ಗಂಟೆ ಮಗು ನನ್ನ ಜೊತೆ, ಮಾತಿಲ್ಲದೆ.

ಅವನ ಕಷ್ಟ ಬೇರೆ. ಚಾಳಿನ ಅಕ್ಕಪಕ್ಕದ ಖೋಲಿಗಳ ಹುಡುಗರು ಅವನಿಗೆ ರೋಬೋಟ್ ಎಂದು ಹೆಸರಿಟ್ಟಿದ್ದಾರೆ. ಹಿಂದಿನಿಂದ ಬಂದು ಬಿಲ್ಲೆ ಕಿತ್ತು ಗ್ಯಾಲರಿಯ ಕಬ್ಬಿಣದ ಸರಳಿಗೆ ಅಂಟಿಸಿ, ಅವನ ಕಿವಿಯ ಹಿಂದೆ ವೈರು ಜಗ್ಗುವುದನ್ನು ನೋಡಿ ನಗುತ್ತಾರೆ. ಹೋಗಿ ಬಿಡಿಸುತ್ತೇನೆ. ಬೈಯಲು ಬಾಯಿ ತೆರೆದರೆ ಮಗು ಎದುರಿಗೇ ಇರುತ್ತದೆ. ಬೈಯದೆ ಎತ್ತಿಕೊಂಡು ಬರುತ್ತೇನೆ. "ಗೂಂಗೆ ಕೀ ಮಾ ಗೂಂಗೀ" ಎಂದು ಒಬ್ಬ ಹುಡುಗಿ ಹೇಳಿದಳು. ಮೂಕನ ತಾಯಿ ಮೂಕಿ ಎಂದು. ಅವಳಿಗೆ ಏಳು ವರ್ಷವೂ ಇರಲಿಕ್ಕಿಲ್ಲ.

ನನಗೆ ಒಂದೇ ಹೊತ್ತು ಸಿಗುತ್ತಿತ್ತು. ಮಷೀನಿಗೆ ನೀರು ತಾಗಬಾರದು, ಸ್ನಾನಕ್ಕೆ ಮುಂಚೆ ಎರಡೂ ಬಿಚ್ಚಿ ಡಬ್ಬಿಯಲ್ಲಿಡಬೇಕು. ಬಿಚ್ಚಿದರೆ ಅವನಿಗೆ ಸಿಡಿಲೂ ಕೇಳುವುದಿಲ್ಲ. ಆಗ ಖೋಲಿಯ ಮೂಲೆಯ ಸ್ನಾನದ ಮೋರಿಗೆ ಪರದೆ ಎಳೆದು, ಅವನ ತಲೆಗೆ ನೀರು ಹಾಕುತ್ತಾ, ನಾನು ಮಾತಾಡುತ್ತಿದ್ದೆ. ನಿನ್ನ ಹೆಸರು, ಅವ್ವನ ಹೆಸರು, ನಮ್ಮ ಕುರುಡು ನಾಯಿ ಬಸ್ಸಿಗೆ ಎದುರು ಹೋಗಿ ಮಾಸ್ತರರ ಸೈಕಲ್ ಬೀಳಿಸಿದ್ದು, ಎಲ್ಲ ಹೇಳುತ್ತಿದ್ದೆ. ಅತ್ತೆಯನ್ನು ಬೈದದ್ದೂ ಅಲ್ಲೇ, ಅದನ್ನು ಅವ್ವನಿಗೆ ಓದಿದರೂ ಅಡ್ಡಿಯಿಲ್ಲ, ನಗುತ್ತಾಳೆ. ಅವನು ಸೋಪಿನ ಮುಖ ಎತ್ತಿ ನನ್ನ ತುಟಿ ನೋಡಿ ಕಿಲಕಿಲ ಎನ್ನುತ್ತಿದ್ದ. ಒಂದು ದಿನ ಅತ್ತೆ ಪರದೆ ಸರಿಸಿ ನೋಡಿ, "ಕಿವುಡನ ಮುಂದ ಕಿನ್ನರಿ ಬಾರಸಾಕತ್ಯಾಳ ನೋಡ್ರೀ ಈಕಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಶುಭಾಂಗಿಗೂ ನಗು ಬಂತು, ಇವರಿಗೂ ಬಂತು. ಮರುದಿನದಿಂದ ನಾನು ದನಿ ಇಲ್ಲದೆ ಬರೀ ತುಟಿ ಆಡಿಸುತ್ತಿದ್ದೆ. ಅವನಿಗೆ ಎರಡೂ ಅಷ್ಟೇ ತಾನೆ?

ಹೋದ ಗುರುವಾರ ಶುಭಾಂಗಿಗೆ ರಜೆ ಇರಲಿಲ್ಲ, ಅತ್ತೆ ನನ್ನ ಜೊತೆ ದವಾಖಾನೆಗೆ ಬಂದರು. ಹಳೆಯ ಮೇಡಂ ಹೆರಿಗೆ ರಜೆಯ ಮೇಲೆ ಹೋಗಿ, ಹೊಸಬರು ಕೂತಿದ್ದರು. ಮಾಟುಂಗದವರು, ತಮಿಳರಿರಬೇಕು. ಹತ್ತು ತಿಂಗಳಾದರೂ ಒಂದು ಮಾತೂ ಬಂದಿಲ್ಲ ಎಂದು ಫೈಲು ತಿರುವಿ ಹಾಕಿದರು. ಆಮೇಲೆ ನನ್ನನ್ನು ನೋಡಿ, "ಆಪ್ ಕುಛ್ ಬೋಲತೀ ಕ್ಯೂಂ ನಹೀಂ?" ಎಂದರು. ನೀವು ಯಾಕೆ ಏನೂ ಮಾತಾಡುವುದಿಲ್ಲ ಎಂದು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಗೋಡೆ ನೋಡಿದರು. ಹೇಗೋ ಮೂರು ಮಾತು ಸೇರಿಸಿ ಹೇಳಿದೆ, ನನಗೆ ಹಿಂದಿ ಬರುವುದಿಲ್ಲ, ಕನ್ನಡ ಬೇಡವೆಂದಿದ್ದಾರೆ ಎಂದು. ಆ ಮೇಡಂ ಪೆನ್ನು ಕೆಳಗಿಟ್ಟರು. ದಿನವಿಡೀ ಮಗು ಯಾರ ಜೊತೆ ಇರುತ್ತದೋ ಅವರಿಗೆ ಬಾಯಿ ತುಂಬಾ ಬರುವ ಭಾಷೆಯನ್ನೇ ಕೊಡಬೇಕು, ನಿಮ್ಮ ಮನೆಯಲ್ಲಿ ಅಡುಗೆ ತಯಾರಿಟ್ಟು ಮಗುವನ್ನು ಹಸಿದು ಮಲಗಿಸಿದ್ದೀರಿ ಎಂದರು. ಕಲಿಯುವ ವಯಸ್ಸು ಕಾಯುವುದಿಲ್ಲ ಎಂದೂ ಅಂದರು. ಅತ್ತೆ ಒಂದೇ ಮಾತು ಹೇಳಿದರು, "ಇಸ್ನೇಚ್ ಮುಂಡಿ ಹಿಲಾಯಾ ಥಾ." ಇವಳೇ ತಲೆ ಆಡಿಸಿದ್ದು. ಅದು ಸುಳ್ಳಲ್ಲವಲ್ಲ. ಮೇಡಂ ಫೈಲಿನ ಮೇಲೆ ಹಿಂದಿ ಎಂದಿದ್ದದ್ದಕ್ಕೆ ಅಡ್ಡ ಗೆರೆ ಎಳೆದು ಕನ್ನಡ ಎಂದು ಬರೆದರು. ಬಸ್ಸಿನಲ್ಲಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅತ್ತೆ ಎಲ್ಲರನ್ನೂ ಕೂರಿಸಿದರು. "ಹತ್ತ ತಿಂಗಳ ನಮ್ಮ ಹುಡುಗಿ ಗಂಟಲ ಹರಕೊಂಡ್ಳು. ಇನ್ನ ನಿನ್ನ ಪಾಳಿ. ಆಡವ್ವಾ ತಾಯಿ, ಅದೇನ ಮುತ್ತ ಉದರಸ್ತಿ ಉದರಸು" ಎಂದರು. ಶರಣನನ್ನು ನನ್ನ ಎದುರು ನಿಲ್ಲಿಸಿದರು. ಹತ್ತು ತಿಂಗಳಿಂದ ಎದೆಯಲ್ಲಿ ಕೂಡಿಟ್ಟಿದ್ದೆಲ್ಲ ಎಲ್ಲಿ ಹೋಯಿತೋ. "ಶರಣಾ" ಎಂದೆ, ಮುಂದೆ ಬರಲಿಲ್ಲ. ಅವನು ತಿರುಗಲಿಲ್ಲ, ಟಿವಿ ನೋಡುತ್ತಿದ್ದ. "ಜೋರ್ ಕರಿ" ಎಂದರು ಇವರು. ಜೋರಾಗಿ ಕರೆದೆ. ಅವನು ಬೆಚ್ಚಿ ಎರಡೂ ಬಿಲ್ಲೆ ಕಿತ್ತು ಅಜ್ಜಿಯ ಹಿಂದೆ ಅಡಗಿದ. "ಆತ, ಮುಗೀತ ಪುರಾಣ" ಎಂದು ಅತ್ತೆ ಎದ್ದರು.

ಆದರೂ ನಾನು ಬಿಟ್ಟಿಲ್ಲ ಅಕ್ಕಾ. ಅವತ್ತಿನಿಂದ ಮಾತಾಡುತ್ತಲೇ ಇದ್ದೇನೆ. ಉಳ್ಳಾಗಡ್ಡಿ ಹೆಚ್ಚುವಾಗ ಉಳ್ಳಾಗಡ್ಡಿ, ನೀರು ತುಂಬುವಾಗ ನೀರು, ಅವನ ಮೂಗು ಹಿಡಿದು ಮೂಗು. ಕಲಿಯುತ್ತಾನೆ, ನಾಲ್ಕು ವರ್ಷ ದೊಡ್ಡ ವಯಸ್ಸೇ? ತೊಟ್ಟಿಲು ತೂಗುವಾಗ ಅವ್ವ ಏನೇನೋ ಅನ್ನುತ್ತಿದ್ದಳಲ್ಲ, ನನಗೆ ಎರಡು ಸಾಲಿನ ಮುಂದೆ ನೆನಪಾಗುತ್ತಿಲ್ಲ. ಅವಳ ಬಾಯಿಂದ ಕೇಳಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ನಮ್ಮ ಬಗ್ಗೆ ಚಿಂತೆ ಬೇಡ. ಅವ್ವನ ಪಾದಕ್ಕೆ ನನ್ನ ಶರಣು, ನಿನ್ನ ಮಕ್ಕಳ ಕೆನ್ನೆಗೆ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ ತಂಗಿ,
ದಾನವ್ವ

ತಾ.ಕ. ಅಕ್ಕಾ, ಇಲ್ಲಿಂದ ಮುಂದಿನದನ್ನು ಅವ್ವನಿಗೆ ಓದಬೇಡ. ಶರಣ ಮಾತಾಡಿದ. ಇವತ್ತು ಮುಂಜಾನೆ ಉಪ್ಪಿಟ್ಟು ತಿನ್ನಿಸುತ್ತಾ ಇದು ಚಮಚ, ಇದು ಬಾಯಿ ಎನ್ನುತ್ತಿದ್ದೆ. ಅವನು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿ "ಚುಪ್" ಎಂದ. ಸ್ಪಷ್ಟವಾಗಿ, ದೊಡ್ಡವರ ಹಾಗೆ. ಅತ್ತೆ ಒಲೆ ಬಿಟ್ಟು ಓಡಿ ಬಂದರು, "ಮಾತಾಡಿದ, ಶಶ್ಯಾ, ನಿನ್ನ ಮಗ ಮಾತಾಡಿದ ಏಳೋ" ಎಂದು ಅಳುತ್ತಾ ಇವರನ್ನು ಎಬ್ಬಿಸಿದರು. ಶುಭಾಂಗಿ ಮೊಬೈಲ್ ಹಿಡಿದಳು. ಮತ್ತೊಮ್ಮೆ ಅನ್ನು ಎಂದರೆ ಅವನು ಅನ್ನಲಿಲ್ಲ. ನಾನು ಮಾತಾಡಿದರೆ ಮಾತ್ರ ಅನ್ನುತ್ತಾನೆ ಎಂದು ಅವಳಿಗೇ ಹೊಳೆಯಿತು. "ಭಾಭಿ, ಬೋಲೋ ನಾ, ಕುಛ್ ಭೀ ಬೋಲೋ." ಅತ್ತಿಗೆ, ಏನಾದರೂ ಮಾತಾಡು ಎಂದು. ನಾನು ಶರಣಾ ಎಂದೆ, ಅವನು ಚುಪ್ ಎಂದ. ನೀರು ಎಂದೆ, ಚುಪ್. ಅವ್ವಾ ಅನ್ನು ಎಂದೆ, ಚುಪ್. ಪ್ರತಿ ಸಲ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ ಅಷ್ಟು ಖುಷಿ ಅಕ್ಕಾ, ಅವನು ಅಷ್ಟು ನಗುವುದನ್ನು ನಾನು ನೋಡೇ ಇರಲಿಲ್ಲ. ಆರು ಸಲ ಆಡಿಸಿದರು, ನಾನೂ ಆಡಿದೆ. ಇವರು ಬನಿಯನ್ನಿನಲ್ಲೇ ಓಡಿ ಹೋಗಿ ಪೇಢೆ ತಂದರು. ಮೊದಲ ಮಾತು ಏನು ಎಂದು ಅವ್ವ ಕೇಳೇ ಕೇಳುತ್ತಾಳೆ, ಅವ್ವಾ ಅಂದನಂತೆ ಎಂದು ಹೇಳು, ನಾನೂ ಫೋನಿನಲ್ಲಿ ಹಾಗೆಯೇ ಹೇಳುತ್ತೇನೆ. ಆಮೇಲೆ ಅತ್ತೆ ತಾಟು ನನ್ನ ಕೈಗೆ ಕೊಟ್ಟರು, ಚಾಳಿನ ಒಂಬತ್ತು ಮನೆಗೂ ನಾನೇ ಹೋಗಿ ಪೇಢೆ ಹಂಚಿ ಬಂದೆ.